ಮರ ಹತ್ತುವವನ ಕೂಲಿ ಯಾವ ಹೆಡ್ಡಿಗೆ?

ನಾನು ಇಷ್ಟು ವರ್ಷ ನೌಕರಿಯಲ್ಲಿ ಏನು ಮಾಡುತ್ತಿದ್ದೆ ಎನ್ನುವುದು ನಮ್ಮ ಬೇಲಿಯಾಚೆಯ ಗೌಡರಿಗೆ ಇನ್ನೂ ಬಗೆಹರಿದಿಲ್ಲ. ಮಂಡ್ಯ ಜಿಲ್ಲೆಯ ನಮ್ಮ ಶೀಳನೆರೆಯಲ್ಲಿ ನೌಕರಿ ಅಂದರೆ ಮೇಷ್ಟ್ರು, ಪೊಲೀಸು, ಕೆಇಬಿ, ರೆವಿನ್ಯೂ. ಇದ್ಯಾವುದೂ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಒಂದು ಫ್ಯಾಕ್ಟರಿ. ನಾನು ಯೂನಿವರ್ಸಿಟಿಯಲ್ಲಿದ್ದೆ, ಆದರೆ ಪಾಠ ಮಾಡುತ್ತಿರಲಿಲ್ಲ. ಸಂಶೋಧನೆ ನಡೆಯುವ ಕಡೆ ಕೂತಿದ್ದೆ, ಆದರೆ ಸಂಶೋಧನೆ ಮಾಡುತ್ತಿರಲಿಲ್ಲ.

"ಮತ್ತೆ ಸಂಬ್ಳ ಯಾತಕ್ ಕೊಡೋರು?" ಗೌಡರು ಗೊಬ್ಬರದ ಗಿಡದ ಬೇಲಿಯ ಮೇಲೆ ಟವೆಲ್ಲು ಹಾಸಿ ಮೊಣಕೈ ಊರಿದರು. ಅಲ್ಲಿಗೆ ಅವರ ಒಂದು ಗಂಟೆ ನನ್ನ ಪಾಲಿಗೆ ಬಂತೆಂದೇ ಅರ್ಥ.

"ಪ್ರೊಫೆಸರುಗಳು ದುಡ್ಡು ಕೇಳಿ ದೆಹಲಿಗೆ ಅರ್ಜಿ ಹಾಕ್ತಾರಲ್ಲ ಗೌಡ್ರೇ, ಆ ಅರ್ಜಿ ನೆಟ್ಟಗಾಗೋ ಹಂಗೆ ನೋಡ್ಕೊಳ್ಳೋದು. ದುಡ್ಡು ಬಂದ್ಮೇಲೆ ಲೆಕ್ಕ ನೆಟ್ಟಗೆ ವಾಪಸ್ ಹೋಗೋ ಹಂಗೆ ನೋಡ್ಕೊಳ್ಳೋದು."

"ಅಂಗಂದ್ರೆ ಪತ್ರ ಬರಹಗಾರ. ಪ್ಯಾಟೇಲಿ ತಾಲ್ಲೂಕಾಪೀಸ್ ಮುಂದೆ ಕುಂತಿರ್ತರಲ್ಲ."

"ಹೂಂ, ಅಂಗೇ ಅನ್ಕಳಿ."

"ಅದ್ಕೆ ಪೆನ್ಷನ್ನೂ ಕೊಡ್ತಾವ್ರಾ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಈ ನಾಡಿನ ಅತಿ ದೊಡ್ಡ ವಿಜ್ಞಾನ ಸಂಸ್ಥೆ ಮೇಲೆದ್ದದ್ದೇ ಒಬ್ಬ ಅರ್ಜಿ ಬರೆಯುವವನ ಕೈಯಿಂದ. ಬೆಂಗಳೂರಿನಲ್ಲಿ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆ ಅದು. ಹಣ ಜಮ್‌ಶೆಟ್‌ಜಿ ಟಾಟಾ ಅವರದು; 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಬಿಟ್ಟುಕೊಡಲು ಮುಂದೆ ಬಂದರು. ಆದರೆ ಎಂಥ ಸಂಸ್ಥೆ, ಏನು ಕಲಿಸಬೇಕು, ಎಷ್ಟು ಜನ ಬೇಕು ಎಂದು ಯುರೋಪಿನ ಯೂನಿವರ್ಸಿಟಿಗಳನ್ನು ಸುತ್ತಿ, ಟಿಪ್ಪಣಿ ಮಾಡಿ, ಯೋಜನೆ ಎಂದು ಕಾಗದಕ್ಕಿಳಿಸಿದವರು ಅವರ ಜೊತೆಗಿದ್ದ ಬುರ್ಜೋರ್ಜಿ ಪಾದಶಾ. ಆ ಕರಡನ್ನು ಆಗಷ್ಟೇ ಭಾರತಕ್ಕೆ ಬಂದಿಳಿದಿದ್ದ ವೈಸರಾಯ್ ಕರ್ಜನ್ ಮುಂದಿಟ್ಟದ್ದು 1898ರ ಡಿಸೆಂಬರ್ 31ಕ್ಕೆ. ಕರ್ಜನ್ ಎರಡು ಅನುಮಾನ ಎತ್ತಿದ. ಇಲ್ಲಿ ಓದೋದಕ್ಕೆ ತಕ್ಕ ಹುಡುಗರು ಸಿಗುತ್ತಾರಾ? ಓದಿದ ಮೇಲೆ ಅವರಿಗೆ ಕೆಲಸ ಸಿಗುತ್ತದಾ?

ಆಮೇಲೆ ನಡೆದದ್ದು ಇವತ್ತಿನ ಯಾವ ಪ್ರೊಫೆಸರಿಗೂ ಗೊತ್ತಿರುವ ಕಥೆ. ಪರಿಶೀಲನೆಗೆ ಇಂಗ್ಲೆಂಡಿನಿಂದ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬಂದರು, ದೇಶ ಸುತ್ತಿದರು, ಬೆಂಗಳೂರು ವಾಸಿ ಎಂದು ವರದಿ ಕೊಟ್ಟರು. ಸಾಲದು ಎಂದು ಇನ್ನೊಂದು ಸಮಿತಿ ಬಂತು. ಅಷ್ಟರಲ್ಲಿ 1904ರಲ್ಲಿ ಟಾಟಾ ತೀರಿಕೊಂಡರು. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಸರ್ಕಾರದ ಆದೇಶ ಹೊರಟದ್ದು 1909ರ ಮೇ 27ಕ್ಕೆ. ಮೊದಲ ವಿದ್ಯಾರ್ಥಿಗಳು ಬಂದದ್ದು 1911ಕ್ಕೆ.

ಕಥೆ ಕೇಳಿದ ಗೌಡರು ಬೆರಳು ಮಡಿಸಿ ಎಣಿಸಿದರು. "ತೊಂಬತ್ತೆಂಟರಿಂದ ಹನ್ನೊಂದು. ಬುಡಿ, ಅಂಗಾರೆ ನನ್ ಪೋಡಿ ಅರ್ಜಿಗೆ ಇನ್ನೂ ಟೈಮದೆ."

ಕರ್ಜನನನ್ನು ಬೈಯುವುದು ಸುಲಭ. ಬೈದವರು ಬೇಕಾದಷ್ಟು ಜನ. ನನಗೆ ಮಾತ್ರ ಅವನ ಮೇಲೆ ಪೂರ್ತಿ ಕೋಪ ಬರುವುದಿಲ್ಲ. ದುಡ್ಡು ಕೊಡುವವನು ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ. ಇವತ್ತು ದೆಹಲಿಯಲ್ಲಿ ಕೂತು ಅರ್ಜಿ ನೋಡುವ ತಜ್ಞರೂ ಸುತ್ತಿ ಬಳಸಿ ಅದನ್ನೇ ಕೇಳುತ್ತಾರೆ: ಯಾರು ಮಾಡುತ್ತಾರೆ, ಮಾಡಿದ್ದರಿಂದ ಏನಾಗುತ್ತದೆ. ನಮ್ಮ ಮೇಷ್ಟರುಗಳ ಅರ್ಜಿಯಲ್ಲಿ ಇವೆರಡಕ್ಕೆ ಬಿಟ್ಟು ಮಿಕ್ಕೆಲ್ಲಕ್ಕೂ ಉತ್ತರ ಇರುತ್ತದೆ. ಜಾಗತಿಕ ತಾಪಮಾನದಿಂದ ಶುರುವಾಗಿ, ವೇದಕಾಲಕ್ಕೆ ಹೋಗಿ, ನಾಲ್ಕನೇ ಪುಟದಲ್ಲಿ ಮಂಡ್ಯ ಜಿಲ್ಲೆಗೆ ಬರುತ್ತಾರೆ. ಓದುವವನು ಅಷ್ಟರೊಳಗೆ ಮುಂದಿನ ಫೈಲು ತೆಗೆದಿರುತ್ತಾನೆ.

"ನಮ್ ಕಡೆ ಅಂಥವು ಏನಾದ್ರೂ ಆಗವಾ?" ಎಂದರು ಗೌಡರು. "ಬೆಂಗ್ಳೂರು ಬುಡಿ, ಅದು ಬೇರೆ ದೇಸ."

ಆಗಿವೆ. ನಾವು ಗಮನಿಸಿಲ್ಲ ಅಷ್ಟೆ. ಮಂಡ್ಯದ ವಿ.ಸಿ. ಫಾರಂ ಗೌಡರಿಗೆ ಬೀಜಕ್ಕೆ ಹೋಗುವ ಜಾಗ. ಅಲ್ಲೇ ಲಕ್ಷ್ಮಣಯ್ಯನವರು ಕೂತು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಮಾಡಿದ್ದು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಫಲ ಕಟ್ಟಿಕೊಳ್ಳುವ ಜಾತಿ; ಅದರಲ್ಲಿ ಸಂಕರ ಮಾಡುವುದೆಂದರೆ ತಪಸ್ಸು. ಅದೇ ಫಾರಂನಲ್ಲಿ ಮಹದೇವಪ್ಪನವರು ಭತ್ತ ಹಿಡಿದು ಕೂತರು, ಹೈಬ್ರಿಡ್ ಕೆಆರ್‌ಎಚ್-2 ಹೊರಗೆ ಬಂತು. ಜನ ಒಬ್ಬರನ್ನು ರಾಗಿ ಲಕ್ಷ್ಮಣಯ್ಯ ಎಂದರು, ಇನ್ನೊಬ್ಬರನ್ನು ರೈಸ್ ಮಹದೇವಪ್ಪ ಎಂದರು. ಇಂಡಾಫ್ ಎಂದ ಕೂಡಲೇ ಗೌಡರು, "ನಮ್ಮಪ್ಪ ಹಾಕಿದ್ರು. ಮುದ್ದೆ ವಸಿ ಅಂಟು, ಆದ್ರೆ ಇಳುವರಿ ಇಳುವರಿಯಯ್ಯ" ಎಂದು ತಜ್ಞರ ವರದಿ ಕೊಟ್ಟರು.

ಇನ್ನೊಂದು ಉಂಟು. ಮೈಸೂರು ವಿಶ್ವವಿದ್ಯಾನಿಲಯ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕವನ್ನು ಪರಿಷ್ಕರಿಸಿ ಹೊಸದಾಗಿ ತಂದಾಗ, ಆರನೇ ಸಂಪುಟ ಪೂರಾ ನಮಗೇ ಮೀಸಲು: ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. 1977ರಲ್ಲಿ ಬಂತು. ನಾಗಮಂಗಲ ಏಳನೇ ಸಂಪುಟದಲ್ಲಿದೆ. ಲೂಯಿ ರೈಸ್ ಅದಕ್ಕೆ ಸುಮಾರು ಎಂಬತ್ತು ವರ್ಷದ ಹಿಂದೆ ಓದಿದ್ದ ಕಲ್ಲುಗಳನ್ನು ಮತ್ತೆ ಹುಡುಕಿಕೊಂಡು, ಅವನ ಕಣ್ಣಿಗೆ ಬೀಳದವನ್ನೂ ಸೇರಿಸಿಕೊಂಡು, ಊರೂರು ಅಲೆದು ಅಚ್ಚು ತೆಗೆದ ಕೆಲಸ. ಅದಕ್ಕೂ ಯಾರೋ ಒಬ್ಬರು ಯೋಜನೆ ಬರೆದಿರಲೇಬೇಕು; ಶಾಯಿ ಎಷ್ಟು, ಕಾಗದ ಎಷ್ಟು, ಜೀಪಿಗೆ ಪೆಟ್ರೋಲು ಎಷ್ಟು ಎಂದು ಲೆಕ್ಕ ಹಾಕಿರಲೇಬೇಕು.

ಆದರೆ ಗೌಡರಿಗೆ ಹಿಡಿಸಿದ್ದು ಸ್ಕಾರ್ಲೆಟ್ ಎಪ್‌ಸ್ಟೈನ್ ಕಥೆ. ಮ್ಯಾಂಚೆಸ್ಟರ್ ಯೂನಿವರ್ಸಿಟಿಯಿಂದ ಆ ಹೆಣ್ಣುಮಗಳು 1954ರಲ್ಲಿ ಬಂದು ಮಂಡ್ಯದ ಬಳಿ ಎರಡು ಹಳ್ಳಿ ಹಿಡಿದಳು. ಒಂದಕ್ಕೆ ಕನ್ನಂಬಾಡಿ ನಾಲೆಯ ನೀರು ಹತ್ತಿತ್ತು, ಇನ್ನೊಂದಕ್ಕೆ ಹತ್ತಿರಲಿಲ್ಲ. ಪುಸ್ತಕದಲ್ಲಿ ಊರುಗಳ ನಿಜ ಹೆಸರು ಮರೆಸಿ ವಂಗಲ, ದಲೇನ ಎಂದು ಬರೆದಳು. ನೀರು ಬಂದ ಊರು ಕಬ್ಬು ಭತ್ತ ಬೆಳೆದು ದುಡ್ಡು ಮಾಡಿತು, ಆದರೆ ಊರಿನ ರೀತಿನೀತಿ, ಯಜಮಾನಿಕೆ, ಆಳುಕಾಳಿನ ಸಂಬಂಧ ಹೆಚ್ಚುಕಡಿಮೆ ಇದ್ದ ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರ ಹಿಡಿದರು, ನೀರಾವರಿ ಊರುಗಳಿಗೆ ಬೇಕಾದ್ದನ್ನೆಲ್ಲ ಒದಗಿಸುವುದಕ್ಕೆ ನಿಂತರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ. 1962ರಲ್ಲಿ ಪುಸ್ತಕ ಬಂತು, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವ ಹುಡುಗರು ಜಗತ್ತಿನ ಎಲ್ಲೆಲ್ಲೋ ಕೂತು ನಮ್ಮ ಮಂಡ್ಯವನ್ನು ಓದಿದರು.

ಗೌಡರು ಇದನ್ನು ತುಂಬ ಹೊತ್ತು ಮೆಲುಕು ಹಾಕಿದರು. "ದಿಟ. ನಾಲೆ ಬಯಲಿನೋರು ಊರು ಬುಟ್ಟು ಅಳ್ಳಾಡಲ್ಲ. ಬೆದ್ದಲಿನೋನ ಮಗ ಎಲ್ಲಿಗ್ ಬೇಕಾದ್ರೂ ಓಯ್ತನೆ. ಇದ್ನ ಏಳಕ್ಕೆ ಇಂಗ್ಲೆಂಡಿಂದ ಬರ್ಬೇಕಿತ್ತಾ? ನನ್ ಕೇಳಿದ್ರೆ ನಾನೇ ಏಳ್ತಿದ್ನಲ್ಲ."

ಅದೇ ಅಲ್ಲವೇ ವಿಷಯ? ಯಾರೂ ಗೌಡರನ್ನು ಕೇಳಲಿಲ್ಲ. ಕೇಳಬೇಕು ಅನ್ನಿಸಿದ್ದು ಹೊರಗಿನವಳಿಗೆ. ನಮ್ಮ ಕಾಲೇಜುಗಳ ಮೇಷ್ಟರುಗಳು ಇದೇ ಊರುಗಳಿಂದ ದಿನಾ ಬಸ್ಸಿನಲ್ಲಿ ಹಾದು ಹೋಗುತ್ತಾರೆ. ಕಿಟಕಿಯಾಚೆ ಇರುವುದೆಲ್ಲ ಸಂಶೋಧನೆಯ ಸರಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಸಂಶೋಧನೆ ಎಂದರೆ ಅಮೆರಿಕದ ಜರ್ನಲ್ಲಿನಲ್ಲಿ ಬಂದದ್ದನ್ನು ಇಲ್ಲಿ ಮತ್ತೊಮ್ಮೆ ಮಾಡುವುದು ಎಂದುಕೊಂಡು, ಮಾಡಲು ಬೇಕಾದ ಮೆಷಿನ್ನು ಇಲ್ಲವಲ್ಲ ಎಂದು ಕೊರಗುತ್ತಾರೆ.

ಅವರ ತಪ್ಪೂ ಎನ್ನುವಂತಿಲ್ಲ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಅದರ ಮೇಲೆ ನ್ಯಾಕ್, ಪರೀಕ್ಷೆ, ಅಡ್ಮಿಷನ್ನು, ಎಲೆಕ್ಷನ್ ಡ್ಯೂಟಿ. ಇಷ್ಟರ ನಡುವೆ ಒಂದು ಪ್ರಾಜೆಕ್ಟ್ ಹಾಕೋಣ ಎಂದು ಆಸೆಪಡುವ ಮನುಷ್ಯನಿಗೆ ಮೊದಲು ಎದುರಾಗುವುದು ಹೆಸರುಗಳ ಕಾಡು. ಸಮಾಜಶಾಸ್ತ್ರದವರು ಐಸಿಎಸ್‌ಎಸ್‌ಆರ್ ಬಾಗಿಲು ತಟ್ಟಬೇಕು, ಚರಿತ್ರೆಯವರು ಐಸಿಎಚ್‌ಆರ್. ರಾಜ್ಯದಲ್ಲಿ ವಿಷನ್ ಗ್ರೂಪ್ ಉಂಟು, ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ಇರುವ ಕೆಎಸ್‌ಸಿಎಸ್‌ಟಿ ಉಂಟು. ಅದು ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ 1970ರ ದಶಕದಿಂದಲೂ ಕೈಖರ್ಚಿನಷ್ಟು ಹಣ ಕೊಡುತ್ತ ಬಂದಿದೆ, ಆ ಪುಡಿಗಾಸಿನಿಂದ ಎಷ್ಟೋ ಹುಡುಗರಿಗೆ ಧೈರ್ಯ ಬಂದಿದೆ. ವಿಜ್ಞಾನದವರಿಗೆ ದೆಹಲಿಯಲ್ಲಿ ಸರ್ಬ್ ಎಂದಿತ್ತು. ಇದ್ದ ನೌಕರಿ ಬಿಡದೆಯೇ ಹತ್ತಿರದ ದೊಡ್ಡ ಸಂಸ್ಥೆಗೆ ಹೋಗಿ ಸಂಶೋಧನೆ ಮಾಡಿ ಬನ್ನಿ ಎಂದು ಕಾಲೇಜು ಮೇಷ್ಟರುಗಳಿಗೇ ಅದು ತಂದ ‘ಟೇರ್’ ಎಂಬ ಯೋಜನೆ ನನ್ನ ಮಟ್ಟಿಗೆ ಆ ಕಚೇರಿಯ ಅತ್ಯಂತ ಬುದ್ಧಿವಂತ ಕೆಲಸ. 2023ರ ಕಾಯಿದೆಯಿಂದ ಸರ್ಬ್ ಹೋಗಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ ಸರ್ಕಾರದ್ದು 14,000 ಕೋಟಿ, ಮಿಕ್ಕದ್ದು ಉದ್ಯಮ, ದಾನಿಗಳು ಮುಂತಾದ ಕಡೆಯಿಂದ ಬರಬೇಕು.

"ಮಿಕ್ಕಿದ್ದು ಬಂದದಾ?"

"ಬರಬೇಕು ಅಂತ."

"ಮುಯ್ಯಿ ಲೆಕ್ಕ ಹಾಕ್ಕಂಡು ಛತ್ರ ಬುಕ್ ಮಾಡ್ದಂಗಾಯ್ತು."

ಇದಕ್ಕಿಂತ ಚೊಕ್ಕದಾದ ವಿಮರ್ಶೆಯನ್ನು ನಾನು ಯಾವ ಇಂಗ್ಲಿಷ್ ಪೇಪರಿನಲ್ಲೂ ಓದಿಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ನಾವು ಹಾಕುವುದು ಶೇಕಡಾ 0.64. ಅದರಲ್ಲಿ ರಾಜ್ಯದ ಯೂನಿವರ್ಸಿಟಿ, ಕಾಲೇಜುಗಳಿಗೆ ಬರುವುದು ಸೋರಿ ಉಳಿದದ್ದು. ಆದರೂ ಹೇಳುತ್ತೇನೆ, ನನ್ನ ಅನುಭವದಲ್ಲಿ ದುಡ್ಡಿಲ್ಲದೆ ನಿಂತ ಪ್ರಾಜೆಕ್ಟಿಗಿಂತ ಕೇಳುವವರಿಲ್ಲದೆ ನಿಂತದ್ದು ಹೆಚ್ಚು. ಒಬ್ಬರು ಪಕ್ಕದಲ್ಲಿ ಕೂತು, "ಸಾರ್, ಸೋಮವಾರ ಬೆಳಿಗ್ಗೆ ಎದ್ದು ನೀವು ಮೊದಲು ಏನು ಮಾಡ್ತೀರಿ?" ಎಂದು ಕೇಳಿದರೆ ಅರ್ಧ ಅರ್ಜಿಗಳು ಅಲ್ಲೇ ಬಿದ್ದುಹೋಗುತ್ತವೆ, ಉಳಿದರ್ಧ ಅಲ್ಲೇ ಎದ್ದು ನಿಲ್ಲುತ್ತವೆ. ನನ್ನ ಕೆಲಸ ಇದ್ದದ್ದು ಅಷ್ಟೇ. ವಿಷಯ ಗೊತ್ತಿಲ್ಲದಿದ್ದದ್ದೇ ನನ್ನ ಅರ್ಹತೆ. ರಸಾಯನಶಾಸ್ತ್ರದವರಿಗೆ ರಸಾಯನಶಾಸ್ತ್ರ ಗೊತ್ತಿಲ್ಲದವನು ಕೇಳಿದಾಗ ಬಿಡಿಸಿ ಹೇಳಲೇಬೇಕಾಗುತ್ತದೆ. ಬಿಡಿಸಿ ಹೇಳುವಾಗ ಅವರಿಗೇ ಎಲ್ಲಿ ಗಂಟಿದೆ ಎಂದು ಕಾಣುತ್ತದೆ.

ಈ ಕೆಲಸಕ್ಕೆ ಗೌಡರು ನನಗಿಂತ ಯೋಗ್ಯರು ಎಂದು ಗೊತ್ತಾದದ್ದು ಮೊನ್ನೆ ಭಾನುವಾರ.

ನಮ್ಮಣ್ಣನ ಮಗಳು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಒಂದು ಯೋಜನೆಗೆ ಅರ್ಜಿ ಬರೆದುಕೊಂಡು ಬಂದಿದ್ದಳು, ಚಿಕ್ಕಪ್ಪ ನೋಡಲಿ ಎಂದು. ತಲೆಬರಹವೇ ಮೂರು ಸಾಲು. ಅದರಲ್ಲಿ ಸುಸ್ಥಿರ, ಸಮಗ್ರ, ಬಹುಆಯಾಮದ ಎಂಬ ಮೂರೂ ಇದ್ದವು. ಬರೆದವಳು ಇವಳಲ್ಲ, ಕಂಪ್ಯೂಟರು. ಈಗ ಅದೇ ಬರೆದುಕೊಡುತ್ತದಂತೆ. ಬರೆಯಲಿ, ಬೇಡ ಎನ್ನಲಾರೆ. ಆದರೆ ಎಲ್ಲರ ಅರ್ಜಿಯೂ ಒಬ್ಬನೇ ಮದುವೆ ಕಾಗದ ಬರೆದ ಹಾಗೆ ಬರುತ್ತಿದೆ. ಹುಡುಕಿ ನೋಡಿದರೆ ಒಳಗೆ ವಿಷಯ ಇತ್ತು: ತೆಂಗಿನ ಬಿಳಿ ನೊಣ.

ಗೌಡರು ಬೇಲಿಯಿಂದಲೇ ಕತ್ತು ಚಾಚಿದರು. "ನೊಣದ್ದಾ? ಏನಂತೆ ನೊಣದ್ದು?"

ಬಿಳಿ ನೊಣ ನಮ್ಮ ಕಡೆ ಗೊತ್ತಿಲ್ಲದ ವಿಷಯವಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡದ್ದು, ಮಧ್ಯ ಅಮೆರಿಕದ ಮೂಲದ್ದು. ಗರಿಯ ತಳಭಾಗದಲ್ಲಿ ಮೇಣದಂಥ ಬಿಳಿ ಸುರುಳಿ ಸುತ್ತಿ ಮೊಟ್ಟೆ ಇಡುತ್ತದೆ. ರಸ ಹೀರಿ ಅಂಟು ಸುರಿಸುತ್ತದೆ. ಆ ಅಂಟು ಕೆಳಗಿನ ಗರಿಯ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ತೋಟ ಮಸಿ ಬಳಿದಂತೆ ಕಾಣುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆ, ಬೆಂಗಳೂರಿನ ಕೀಟ ಸಂಪನ್ಮೂಲ ಬ್ಯೂರೋ ಎರಡೂ ಇದರ ಹಿಂದೆ ಬಿದ್ದಿವೆ. ಔಷಧಿ ಹೊಡೆಯಬೇಡಿ, ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜ ತಾನಾಗಿಯೇ ಬಂದು ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಕೊಲ್ಲುತ್ತದೆ, ವಿಷ ಹೊಡೆದರೆ ಸಾಯುವುದು ಆ ಕಣಜ ಎಂದು ಅವರ ಸಲಹೆ. ಹುಡುಗಿ ಕೇಳಹೊರಟಿದ್ದ ಪ್ರಶ್ನೆ ಒಳ್ಳೆಯದೇ: ಔಷಧಿ ಹೊಡೆಯುವ ತೋಟದ ಪಕ್ಕದಲ್ಲೇ ಹೊಡೆಯದ ತೋಟ ಇದ್ದರೆ ಅಲ್ಲಿ ಕಣಜ ಉಳಿಯುತ್ತದಾ? ಇದು ಎಲ್ಲಿತ್ತು ಅಂದರೆ ಒಂಬತ್ತನೇ ಪುಟದ ಕೊನೆಯಲ್ಲಿ.

"ಯಾವ ತ್ವಾಟ ನೋಡ್ತೀಯವ್ವ?" ಗೌಡರ ಮೊದಲ ಪ್ರಶ್ನೆ.

"ಮಂಡ್ಯ ಜಿಲ್ಲೆಯ ಆಯ್ದ ತೋಟಗಳು."

"ಆಯ್ದದ್ದು ಯಾರು? ನಾಲೆ ಮಗ್ಗುಲಿನ ಮರ ಬೇರೆ, ಬೋರ್‌ವೆಲ್ ಮರ ಬೇರೆ. ನೊಣ ಒಣ ಮರಕ್ಕೆ ಜಾಸ್ತಿ ಅನ್ನಿಸ್ತದೆ ನನ್ಗೆ. ನಿಂಗೆ?"

ಹುಡುಗಿ ಪೆನ್ನು ತೆಗೆದಳು. ನಾನು ಸುಮ್ಮನೆ ಕೂತೆ.

"ಎಣಿಸ್ತೀಯಾ ಎಂಗೆ?"

ಒಂದೊಂದು ಮರದಿಂದ ಮೇಲಿನ, ನಡುವಿನ, ಕೆಳಗಿನ ಗರಿಯ ಸೀಳು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು, ಕಣಜ ಹೊಕ್ಕ ಮರಿ ಕಪ್ಪಗಾಗಿರುತ್ತದೆ, ಕಪ್ಪೆಷ್ಟು ಬಿಳಿಯೆಷ್ಟು ಎಂದು ಲೆಕ್ಕ, ಹದಿನೈದು ದಿನಕ್ಕೊಮ್ಮೆ, ಎರಡು ವರ್ಷ. ಇದನ್ನು ಹೇಳುವಾಗ ಅವಳ ದನಿಯೇ ಬೇರೆ. ಅರ್ಜಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. ‘ಸೂಕ್ತ ವೈಜ್ಞಾನಿಕ ವಿಧಾನಗಳನ್ನು ಅನುಸರಿಸಲಾಗುವುದು’ ಎಂದಿತ್ತು.

"ಸರಿ. ಗರಿ ಇಳಿಸೋರು ಯಾರು?"

ಮೌನ. ಹದಿನೈದು ದಿನಕ್ಕೊಮ್ಮೆ ಅಷ್ಟೊಂದು ಮರ ಹತ್ತುವವನು ಬೇಕು. ಬಜೆಟ್ಟು ತೆಗೆದು ನೋಡಿದೆ. ಮೈಕ್ರೋಸ್ಕೋಪು ಇತ್ತು, ಲ್ಯಾಪ್‌ಟಾಪು ಇತ್ತು, ಜೆಆರ್‌ಎಫ್ ಹುಡುಗನಿಗೆ ತಿಂಗಳಿಗೆ 37,000ದಂತೆ ಇತ್ತು, ಹೈದರಾಬಾದಿನ ಸಮ್ಮೇಳನಕ್ಕೆ ಹೋಗಿಬರುವ ಖರ್ಚಿತ್ತು. ಮರ ಹತ್ತುವವನಿಗೆ ಒಂದು ರೂಪಾಯಿ ಇರಲಿಲ್ಲ. ಇಡೀ ಪ್ರಾಜೆಕ್ಟು ನಿಂತಿದ್ದದ್ದು ಅವನ ಕಾಲಿನ ಮೇಲೆ. ಈಗ ನಮ್ಮ ಹೋಬಳಿಯಲ್ಲಿ ಮರ ಹತ್ತುವವರು ಎಷ್ಟು ಜನ ಉಳಿದಿದ್ದಾರೆ, ಒಂದು ವಾರ ಮುಂಚೆ ಹೇಳದಿದ್ದರೆ ಅವರು ಸಿಗುವುದಿಲ್ಲ ಎಂದೆಲ್ಲ ಗೌಡರು ಅವಳಿಗೆ ಪಾಠ ಮಾಡಿದರು. ತೋಟಿ ಕಟ್ಟಿ ಕೆಳಗಿನಿಂದಲೇ ಕೊಯ್ಯಬಹುದು ಎಂದು ನಾನು ಬಾಯಿ ಹಾಕಿದೆ. ಮೇಲಿನ ಗರಿಗೆ ತೋಟಿ ಎಟುಕದು ಎಂದು ಇಬ್ಬರೂ ಒಟ್ಟಿಗೆ ನನ್ನ ಬಾಯಿ ಮುಚ್ಚಿಸಿದರು.

ಮರ ಹತ್ತುವವನನ್ನು ಯಾವ ಹೆಡ್ಡಿಗೆ ಹಾಕುವುದು ಎಂಬಲ್ಲಿ ನನ್ನ ಹಳೆಯ ವಿದ್ಯೆ ಕೆಲಸಕ್ಕೆ ಬಂತು. ಸಿಬ್ಬಂದಿ ಅಂದರೆ ವಿದ್ಯಾರ್ಹತೆ ಕೇಳುತ್ತಾರೆ. ಕನ್ಸ್ಯೂಮಬಲ್ಸ್ ಅಂದರೆ ಮನುಷ್ಯನನ್ನು ಗಾಜಿನ ಸ್ಲೈಡಿನ ಜೊತೆ ಸೇರಿಸಿದಂತಾಯಿತು. ಫೀಲ್ಡ್‌ವರ್ಕ್ ಎಂದು ಪ್ರವಾಸದ ಹೆಡ್ಡಿನಲ್ಲಿ ಕೂಲಿ ಸಮೇತ ತೋರಿಸಿ, ಯಾಕೆ ಬೇಕೆಂದು ಎರಡು ಸಾಲು ಬರೆದರೆ ಕೊಡುವವರು ಕೊಡುತ್ತಾರೆ. ಆ ಎರಡು ಸಾಲು ಓದಿದ ತಜ್ಞನಿಗೆ ಈ ಹುಡುಗಿ ತೋಟ ಕಂಡವಳು ಎಂಬುದೂ ಗೊತ್ತಾಗುತ್ತದೆ. ಮುಂದಿನ ಪಾಡು ಬೇರೆ. ದುಡ್ಡು ಬಿಡುಗಡೆಯಾಗುವುದು ಫೆಬ್ರವರಿಯಲ್ಲಿ, ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಖರ್ಚಾಗದೆ ಉಳಿದದ್ದು ಎಷ್ಟು, ಅದಕ್ಕೆ ಬಂದ ಬಡ್ಡಿ ಎಷ್ಟು ಎಂದು ಯುಟಿಲೈಸೇಷನ್ ಸರ್ಟಿಫಿಕೇಟಿನಲ್ಲಿ ಬರೆಯಬೇಕು. 12-ಎ ಎಂಬ ಆ ಒಂದು ಫಾರಂಗೆ ಹೆದರಿ ಎರಡನೇ ಪ್ರಾಜೆಕ್ಟಿನ ಆಸೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಕೊಳ್ಳುವುದರಲ್ಲಿ ಬಹಳಷ್ಟನ್ನು ಸರ್ಕಾರದ ಜೆಮ್ ಪೋರ್ಟಲಿನಲ್ಲಿ ಕೊಳ್ಳಬೇಕು. ಮರ ಹತ್ತುವವನಿಂದ ಬಿಲ್ಲು ತರಬೇಕು.

"ಅವ್ನು ಎಬ್ಬೆಟ್ಟು ಒತ್ತುತನೆ, ತಕ್ಕಳಿ" ಎಂದರು ಗೌಡರು.

ಸಂಜೆಯ ಹೊತ್ತಿಗೆ ತಲೆಬರಹ ಒಂದು ಸಾಲಿಗಿಳಿದಿತ್ತು. ಒಂಬತ್ತನೇ ಪುಟದ ಪ್ರಶ್ನೆ ಮೊದಲ ಪುಟಕ್ಕೆ ಬಂತು, ಜಾಗತಿಕ ತಾಪಮಾನ ಪೂರ್ತಿ ಹೋಯಿತು. ನಾಲೆ ಮರ, ಬೋರ್‌ವೆಲ್ ಮರ ಎಂದು ತೋಟಗಳನ್ನು ಬೇರೆ ಮಾಡುವ ಗೌಡರ ಅನುಮಾನವೂ ಒಳಗೆ ಸೇರಿತು. ಇದಕ್ಕೆ ಗ್ರಾಂಟು ಬರುತ್ತದೋ ಬಿಡುತ್ತದೋ, ಅದು ಬೇರೆ.

ಹೊರಡುವ ಹೊತ್ತಿಗೆ ಅವಳು ಗೌಡರನ್ನು ಕೇಳಿಯೇಬಿಟ್ಟಳು. ಅವರ ತೋಟದಲ್ಲಿ ಒಂದಷ್ಟು ಮರಗಳಿಗೆ ಎರಡು ವರ್ಷ ಏನೂ ಹೊಡೆಯದೆ ಹಾಗೇ ಬಿಡಬಹುದಾ, ಹೋಲಿಸಿ ನೋಡುವುದಕ್ಕೆ ಬೇಕು. ಗೌಡರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು.

"ಬುಡ್ತೀನಿ ಕಣವ್ವ, ಅದ್ಕೇನು. ಆದ್ರೆ ಕಾಯಿ ಕಮ್ಮಿ ಆದ್ರೆ ಅದ್ನ ತುಂಬಿಕೊಡೋರು ಯಾರು? ನಿಮ್ ದೆಲ್ಲಿಯೋರಾ, ಇಲ್ಲಾ ನಿಮ್ ಚಿಕ್ಕಪ್ಪನಾ?"

ಅವಳು ನನ್ನ ಕಡೆ ನೋಡಿದಳು. ರೈತನ ಬೆಳೆ ನಷ್ಟಕ್ಕೆಂದು ಹೆಡ್ಡು ಇರುವ ಫಾರಂ ನಾನು ನೋಡಿದ್ದರಲ್ಲಿ ಒಂದೂ ಇರಲಿಲ್ಲ. ಕಂಟಿಂಜೆನ್ಸಿ ಎಂದೆ. ಅದೆಷ್ಟು ಬರುತ್ತದೆ ಎಂದು ಗೌಡರು ಕೇಳಿದರು, ಹೇಳಿದೆ. ಮರಕ್ಕೆ ವರ್ಷಕ್ಕೆ ಎಷ್ಟು ಕಾಯಿ, ಕಾಯಿಗೆ ಈಗೇನು ರೇಟು ಎಂದು ಅವರು ಶುರುಮಾಡಿದರು, ಅವಳು ಬ್ಯಾಗು ಕೆಳಗಿಟ್ಟು ಮತ್ತೆ ಪೆನ್ನು ತೆಗೆದಳು, ಕೊನೇ ಬಸ್ಸು ಹೋಗಿಬಿಡುತ್ತದೆ ಎಂದು ಒಳಗಿನಿಂದ ನಮ್ಮಾಕೆ ಕೂಗುತ್ತಲೇ ಇದ್ದಳು.